‘ಎಂಬ್ರಾಯಿಲ್ಡ್’ ಎಂಬ ವಿಶೇಷಣವೂ ನಮ್ಮ ‘ಸಿಕ್ಕು’ ಎಂಬ ಮಾತೂ

ತೊಂದರೆಗೊಳಗಾದವನನ್ನು ಬಣ್ಣಿಸಲು ಇಂಗ್ಲಿಷಿನಲ್ಲಿ ಎಂಬ್ರಾಯಿಲ್ಡ್, ಬಿಲೀಗರ್ಡ್, ಎಂಬ್ಯಾಟಲ್ಡ್ ಎಂಬ ಮೂರು ವಿಶೇಷಣಗಳು ಬಹಳವಾಗಿ ಬಳಕೆಯಲ್ಲಿವೆ. ಕನ್ನಡಕ್ಕೆ ತರುವಾಗ ಮೂರನ್ನೂ ‘ಸಂಕಷ್ಟಕ್ಕೆ ಸಿಲುಕಿದ’ ಎಂದು ಮುಗಿಸಿಬಿಡುವುದು ಸುಲಭ. ಸ್ಥೂಲಾರ್ಥಕ್ಕೆ ಭಂಗವಿಲ್ಲ, ಆದರೆ ಅವನೇ ಹೋಗಿ ಸಿಲುಕಿದನೋ, ಇತರರು ಬಂದು ಮುತ್ತಿದರೋ ಎಂಬ ಸೂಚನೆ ಅಳಿಸಿಹೋಗುತ್ತದೆ.

ಎಂಬ್ರಾಯಿಲ್ ಎಂಬ ಕ್ರಿಯಾಪದವು 17ನೆಯ ಶತಮಾನದ ಆರಂಭದ ಸುಮಾರಿಗೆ ಫ್ರೆಂಚಿನಿಂದ ಬಂದುದು. ಕಲಸಿ ಗೋಜಲುಗೊಳಿಸು ಎಂಬುದು ಮೂಲಾರ್ಥ. ನೂಲಿಗೂ ಕೂದಲಿಗೂ ನಾವು ಹೇಳುವ ‘ಸಿಕ್ಕು’ ಇದಕ್ಕೆ ಅತಿ ಸಮೀಪವಾದುದು. ಜಗಳದಲ್ಲಿಯೋ ವ್ಯಾಜ್ಯದಲ್ಲಿಯೋ ಎಂಬ್ರಾಯಿಲ್ಡ್ ಆದವನು ಆ ಗಂಟಿನ ಒಂದು ಎಳೆಯೇ ಆಗಿರುತ್ತಾನೆ. ಆದುದರಿಂದ ಅವನದೂ ಕೊಂಚ ಪಾಲಿದ್ದೀತೆಂಬ ಅನುಮಾನ ಈ ಪದದ ಬೆನ್ನಿಗೇ ಬರುತ್ತದೆ. ಬಿಲೀಗರ್ಡ್ ಹಾಗಲ್ಲ. ಡಚ್ ಭಾಷೆಯಲ್ಲಿ ‘ಲೇಗರ್’ ಎಂದರೆ ಪಾಳೆಯ. ಸುತ್ತಲೂ ಪಾಳೆಯ ಬಿಡುವುದೇ ಈ ಮಾತಿನ ಹುಟ್ಟು. ಇಲ್ಲಿ ಹಗೆ ಹೊರಗಿನದು. ನಮ್ಮ ‘ಮುತ್ತಿಗೆಗೊಳಗಾದ’ ಎಂಬುದೇ ಇದಕ್ಕೆ ಸರಿಯಾದ ಮಾತು.

ಈ ಭೇದವು ಪಂಡಿತರ ಚರ್ಚೆಗಷ್ಟೇ ಸೇರಿದುದೆಂದು ನಾನೂ ಒಮ್ಮೆ ತಿಳಿದಿದ್ದೆ. ಮುಂಬಯಿಯ ಉಪನಗರವೊಂದರ ಬ್ಯಾಂಕು ಶಾಖೆಯಲ್ಲಿದ್ದಾಗ ಚಿಕ್ಕ ಕಾರ್ಖಾನೆಯ ಮಾಲಿಕರೊಬ್ಬರ ಹೆಚ್ಚಿನ ಸಾಲಕ್ಕೆ ಶಿಫಾರಸು ಬರೆಯಬೇಕಾಯಿತು. ಅವರಿಂದ ಸರಕು ಕೊಂಡವರು ಹಣ ಕೊಡದೆ ಸತಾಯಿಸಿದ್ದರು. ಅದರಿಂದಾಗಿ ಕಬ್ಬಿಣ ಒದಗಿಸಿದವರು ಇವರ ಮೇಲೆ ದಾವೆ ಹೂಡಿದ್ದರು. ನಾನು ಅವಸರದಲ್ಲಿ, ವ್ಯಾಜ್ಯಗಳಲ್ಲಿ ‘ಎಂಬ್ರಾಯಿಲ್ಡ್’ ಎಂದು ಬರೆದೆ. ಕಾಗದವು ಮೇಲಿನ ಕಛೇರಿಯಿಂದ ಹಿಂದಕ್ಕೆ ಬಂತು: ಜಗಳಗಂಟನಿಗೆ ಮತ್ತೆ ಸಾಲವೇಕೆ? ದಾವೆಗಳ ಹುಟ್ಟನ್ನು ವಿವರಿಸಿ ಮತ್ತೆ ಬರೆದ ಮೇಲೆ ಮಂಜೂರಾತಿ ದೊರೆಯಿತು. ಅಷ್ಟರೊಳಗೆ ಮೂರು ತಿಂಗಳು ಕಳೆದಿತ್ತು. ಇದ್ದ ಎರಡು ಲೇತ್ ಯಂತ್ರಗಳಲ್ಲಿ ಒಂದನ್ನು ಅವರು ಮಾರಿಬಿಟ್ಟಿದ್ದರು. ತಪ್ಪು ನನ್ನದೇ.

ಇನ್ನು ಎಂಬ್ಯಾಟಲ್ಡ್. ಇದರ ಕಥೆ ಸ್ವಾರಸ್ಯವಾದುದು. ಮೊದಲು ಇದರಲ್ಲಿ ತೊಂದರೆಯ ಸುಳಿವೇ ಇರಲಿಲ್ಲ. ಯುದ್ಧಕ್ಕೆ ವ್ಯೂಹಗೊಂಡು ನಿಂತ ಎಂದು ಅರ್ಥ. ಕೋಟೆಯ ವಿಷಯದಲ್ಲಿ, ತೆನೆಗಳುಳ್ಳ ಗೋಡೆಯದು ಎಂದು ಅರ್ಥ. ಅಮೆರಿಕದ ಎಮರ್ಸನ್ 1837ರಲ್ಲಿ ಹಾಡಲಾದ ತನ್ನ ‘ಕಾಂಕರ್ಡ್ ಹಿಮ್’ ಎಂಬ ಕವಿತೆಯಲ್ಲಿ, 1775ರ ಕಾಳಗದ ರೈತರಿಗೆ ಈ ವಿಶೇಷಣವನ್ನೇ ಕೊಟ್ಟಿದ್ದಾನೆ. ಅವರು ದಿಕ್ಕೆಟ್ಟವರಲ್ಲ, ಬಂದೂಕು ಹಿಡಿದು ಅಣಿಯಾದವರು. ಇಂದಿನ ಪತ್ರಿಕೆಗಳಲ್ಲಿ ಇದೇ ಪದವು ಪದವಿ ಕಳೆದುಕೊಳ್ಳಲಿರುವ ಮಂತ್ರಿಗೂ ಟೀಕೆಯಿಂದ ಕಂಗೆಟ್ಟ ಉದ್ಯಮಿಗೂ ಸಲ್ಲುತ್ತದೆ. ಆದರೂ ಹಳೆಯ ಕಾವು ಪೂರ್ಣವಾಗಿ ಆರಿಲ್ಲ: ಎಂಬ್ಯಾಟಲ್ಡ್ ಆದವನು ಇನ್ನೂ ಸೆಣಸುತ್ತಿರುವನೆಂಬ ಧ್ವನಿ ಉಳಿದಿದೆ. ‘ಸಿಲುಕಿದ’ ಎಂದೊಡನೆ ಆ ಧ್ವನಿ ಅಡಗುತ್ತದೆ. ಇಂಥ ಮಂತ್ರಿಗೆ ‘ಎಲ್ಲ ಕಡೆಯ ಪೆಟ್ಟನ್ನೂ ಎದುರಿಸುತ್ತಿರುವ’ ಎಂದರೆ ಮಾತು ಉದ್ದವಾದರೂ ಸರಿಹೊಂದೀತು. ಎಮರ್ಸನ್ನನ ರೈತರಿಗಾದರೋ ‘ಯುದ್ಧಸನ್ನದ್ಧ’ ಎಂದೇ ಹಾಕಬೇಕು.