ತಾನಾಗಿ ನಿಲ್ಲಬಲ್ಲ ಕ್ಯಾನ್ಸರಿಗೆ ಯಾವ ಮದ್ದು?

ಕ್ಯಾನ್ಸರ್ ಎಂದು ಗೊತ್ತಾದ ಮರುಗಳಿಗೆಯೇ ಮನೆಯವರು ಕೇಳುವುದು, ಔಷಧಿ ಯಾವಾಗಿನಿಂದ ಎಂದು. ಲಿವರಿನ ರಕ್ತನಾಳಗಳ ಒಳಪದರದ ಕೋಶಗಳಿಂದ ಹುಟ್ಟುವ ಒಂದು ಕ್ಯಾನ್ಸರಿನಲ್ಲಿ ಮಾತ್ರ ಈ ಪ್ರಶ್ನೆಯನ್ನು ತುಸು ತಡೆದು ಕೇಳುವುದೇ ಮೇಲು. ಎಪಿಥೆಲಿಯಾಯ್ಡ್ ಹೆಮಾಂಜಿಯೋಎಂಡೋಥೀಲಿಯೋಮಾ, ಚಿಕ್ಕದಾಗಿ ಇಎಚ್‌ಇ, ಹತ್ತು ಲಕ್ಷಕ್ಕೆ ಸುಮಾರು ಒಬ್ಬರಲ್ಲಿ ಕಾಣಿಸುವ ಕಾಯಿಲೆ. ಬಯಾಪ್ಸಿಯ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕೋಶದ ಒಡಲಲ್ಲೇ ಪುಟ್ಟದೊಂದು ಪೊಳ್ಳು, ಕೆಲವೊಮ್ಮೆ ಅದರೊಳಗೆ ಸಿಕ್ಕಿಕೊಂಡ ಕೆಂಪು ರಕ್ತಕಣ ಕಾಣುತ್ತದೆ. ರಕ್ತನಾಳ ಕಟ್ಟಲು ಹೊರಟು ಅರ್ಧಕ್ಕೇ ನಿಂತಂತೆ. ಹೆಚ್ಚಿನವರ ಗೆಡ್ಡೆಯಲ್ಲಿ ಡಬ್ಲ್ಯುಡಬ್ಲ್ಯುಟಿಆರ್1, ಕ್ಯಾಮ್ಟಾ1 ಎಂಬ ಎರಡು ಜೀನ್‌ಗಳು ತುಂಡಾಗಿ ಬೆಸೆದುಕೊಂಡಿರುವುದು 2011ರಲ್ಲಿ ತಿಳಿದ ಮೇಲೆ ರೋಗವನ್ನು ಗುರುತಿಸುವುದು ಗಟ್ಟಿಯಾಯಿತು. ಅದು ಸಣ್ಣ ಲಾಭವಲ್ಲ. ಇದೇ ಕುಲದ ಆಂಜಿಯೋಸಾರ್ಕೋಮಾ ತಿಂಗಳುಗಳಲ್ಲೇ ಜೀವ ತೆಗೆಯಬಲ್ಲದು. ಅಲ್ಲಿ ಕಾಯುವ ಮಾತೇ ಇಲ್ಲ.

ಇಎಚ್‌ಇ ನಡಿಗೆ ಬೇರೆ. ಕೆಲವರಲ್ಲಿ ಬೇಗನೆ ಹರಡುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಅಲುಗಾಡದೆ ಕೂರುತ್ತದೆ. ಔಷಧಿಯಿಲ್ಲದೆ ಕುಗ್ಗಿದ ಉದಾಹರಣೆಗಳೂ ದಾಖಲಾಗಿವೆ. ಇಂಥ ರೋಗಕ್ಕೆ ಮೊದಲ ದಿನವೇ ಮಾತ್ರೆ ಶುರುಮಾಡಿ, ಆರು ತಿಂಗಳ ಮೇಲೆ ಗೆಡ್ಡೆ ಬೆಳೆದಿಲ್ಲ ಎಂದರೆ, ಆ ಯಶಸ್ಸು ಮಾತ್ರೆಯದೋ ರೋಗದ ಸ್ವಭಾವದ್ದೋ ಹೇಳುವವರಾರು? ಸೊರಾಫೆನಿಬ್, ಪಜೋಪನಿಬ್, ಬೆವಾಸಿಜುಮಾಬ್, ಥಾಲಿಡೊಮೈಡ್‌ನಂಥ, ಹೊಸ ರಕ್ತನಾಳಗಳ ಬೆಳವಣಿಗೆಗೆ ತಡೆಯೊಡ್ಡುವ ಔಷಧಿಗಳ ಬಗ್ಗೆ ಇರುವುದೆಲ್ಲ ಸಣ್ಣ ಗುಂಪುಗಳ ವರದಿ. ಗೆಡ್ಡೆ ನಿಜಕ್ಕೂ ಕುಗ್ಗಿದ್ದು ಕೆಲವರಲ್ಲಷ್ಟೇ. ಮಾಮೂಲಿ ಕಿಮೋದಿಂದಲೂ ಹೇಳಿಕೊಳ್ಳುವಂಥ ಫಲ ಸಿಕ್ಕಿಲ್ಲ. ಗೆಡ್ಡೆಯನ್ನು ಪೂರ್ತಿ ಕತ್ತರಿಸಿ ತೆಗೆಯಬಹುದಾದರೆ ಶಸ್ತ್ರಚಿಕಿತ್ಸೆ, ಲಿವರ್ ತುಂಬ ಹರಡಿದ್ದರೆ ಆಯ್ದ ರೋಗಿಗಳಿಗೆ ಕಸಿ, ಇವೇ ಇಂದಿಗೂ ಹೆಚ್ಚು ಭರವಸೆಯ ದಾರಿಗಳು.

ಕಾಯುತ್ತ ಕೂತರೆ ಕ್ಯಾನ್ಸರಿಗೆ ನಾವೇ ಬಾಗಿಲು ತೆರೆದಂತಲ್ಲವೇ? ಈ ಆತಂಕ ನ್ಯಾಯವಾದದ್ದೇ. ಅದಕ್ಕೇ ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ಪ್ರತಿ ಗೆಡ್ಡೆಯನ್ನೂ ಅಳೆಯಬೇಕು. ಬಿಡದ ಜ್ವರ, ತೂಕ ಇಳಿಯುವುದು, ಎದೆಗೂಡಿನಲ್ಲಿ ನೀರು ತುಂಬುವುದು ಕಂಡರೆ ಕಾಯುವ ಕಾಲ ಮುಗಿಯಿತು. ಆಗ ಹಲವು ತಜ್ಞರು ಮೊದಲು ನೆನೆಯುವುದು ಸಿರೋಲಿಮಸ್ ಮಾತ್ರೆಯನ್ನು. 1964ರಲ್ಲಿ ಈಸ್ಟರ್ ದ್ವೀಪಕ್ಕೆ ಹೋದ ಕೆನಡಾದ ತಂಡ ತಂದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತದ್ದು ಅದು. ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಔಷಧಿಯೂ ಹೌದು. ಕೋಶಗಳಿಗೆ ಬೆಳೆಯಲು ಅಪ್ಪಣೆ ಕೊಡುವ ಎಂಟಿಒಆರ್ ಎಂಬ ಪ್ರೋಟೀನನ್ನು ಅದು ಹಿಡಿದು ನಿಲ್ಲಿಸುತ್ತದೆ. ಬಾಯಿಹುಣ್ಣು, ಸೋಂಕು, ಏರುವ ಕೊಲೆಸ್ಟ್ರಾಲ್ ಅದರ ಬೆಲೆ.

ಇದಕ್ಕೂ ದೊಡ್ಡ ಪ್ರಯೋಗದ ಆಧಾರವಿಲ್ಲವಲ್ಲ ಎನ್ನಬಹುದು. ನಿಜ, ಇಷ್ಟು ವಿರಳ ಕಾಯಿಲೆಯಲ್ಲಿ ಸಾವಿರಾರು ರೋಗಿಗಳನ್ನು ಒಟ್ಟುಗೂಡಿಸುವುದು ಎಲ್ಲಿಂದ? ಹೋಲಿಕೆಗೆ ಉಳಿಯುವುದು ಅದೇ ರೋಗಿಯ ಹಿಂದಿನ ಸ್ಕ್ಯಾನ್‌ಗಳು. ಮೊದಲು ಬೆಳೆಯುತ್ತಿದ್ದ ಗೆಡ್ಡೆ ಮಾತ್ರೆಯ ನಂತರ ನಿಂತಿತೇ ಎಂದು ತಿಳಿಸಬಲ್ಲವು ಅವೇ. ಹಾಗಾಗಿ ಮೊದಲ ದಿನದಿಂದ ಒಂದೂ ಫಿಲ್ಮ್, ಒಂದೂ ಸಿಡಿ ಕಳೆಯದಂತೆ ಎತ್ತಿಟ್ಟುಕೊಳ್ಳಬೇಕು.