ಹನ್ನೆರಡು ಪರ್ಸೆಂಟಿನ ಗುಟ್ಟು ಕಾಲೇಜು ಲ್ಯಾಬಿನಲ್ಲಿ!

ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿ ಸಾಲಿನಲ್ಲಿ ಸಾಲವಿಲ್ಲದ ಗಲ್ಲಾಪೆಟ್ಟಿಗೆ ಎಷ್ಟಿದ್ದಾವು? ಫ್ರಿಜ್ಜಿಗೊಂದು ಸಾಲ, ಹಬ್ಬದ ಮಾಲಿಗೊಂದು ಸಾಲ. ‘ಒಂದು ಲಕ್ಷ ತಗೊಳ್ಳಿ ಯಜಮಾನ್ರೇ, ಬರೀ ಹನ್ನೆರಡು ಪರ್ಸೆಂಟು, ಹನ್ನೆರಡು ಕಂತು’ ಅಂತಾರೆ ಫೈನಾನ್ಸಿನವರು. ಲಕ್ಷಕ್ಕೆ ಬಡ್ಡಿ ಹನ್ನೆರಡು ಸಾವಿರ, ಒಟ್ಟು 1,12,000. ತಿಂಗಳಿಗೆ 9,333 ರೂಪಾಯಿ. ಕೂಡಿ ಕಳೆದು ನೋಡಿದರೆ ಲೆಕ್ಕ ಸರಿ. ಯಜಮಾನ್ರು ಸಹಿ ಹಾಕಿಬಿಡುತ್ತಾರೆ.

ಮೋಸ ಇರುವುದು ಬೇರೆ ಕಡೆ. ಮೊದಲ ಕಂತಿನಿಂದಲೇ ಅಸಲು ವಾಪಸು ಹೋಗಲು ಶುರು. ಆರು ಕಂತು ಕಟ್ಟಿದ ಮೇಲೆ ಬಾಕಿ ಉಳಿಯುವುದು ಹತ್ತಿರ ಹತ್ತಿರ ಅರ್ಧ. ಬಡ್ಡಿ ಮಾತ್ರ ಕೊನೇವರೆಗೂ ಪೂರ್ತಿ ಲಕ್ಷದ ಮೇಲೆ! ಹಾಗಾದರೆ ನಿಜವಾದ ಬಡ್ಡಿ ಎಷ್ಟು?

ಇದಕ್ಕೆ ಉತ್ತರ ಹುಡುಕುವ ವಿದ್ಯೆ ಬಿ.ಎಸ್‌ಸಿ. ಗಣಿತದಲ್ಲಿದೆ. ದರ ಗೊತ್ತಿದ್ದರೆ ಕಂತು ಹೇಳುವ ಸೂತ್ರವುಂಟು. ಕಂತು ಗೊತ್ತಿದ್ದು ದರ ಬೇಕೆಂದರೆ ಸೂತ್ರ ಕೈಕೊಡುತ್ತದೆ. ಆಗ ಊಹೆಯೇ ಗತಿ. ತಿಂಗಳಿಗೆ ಶೇಕಡ 1 ಎಂದರೆ ಕಂತು 8,885, ಸಾಲದು. ಶೇಕಡ 2 ಎಂದರೆ 9,456, ಹೆಚ್ಚಾಯಿತು. ನಡುವಿನ ಒಂದೂವರೆ? 9,168, ಮತ್ತೆ ಕಡಿಮೆ. ಹಾಗಾದರೆ ಒಂದೂವರೆಗೂ ಎರಡಕ್ಕೂ ನಡುವೆ, 1.75 ನೋಡು. ಹೀಗೆ ಪ್ರತಿ ಸಲ ಅರ್ಧ ಮಾಡುತ್ತಾ ಹೋಗುವುದೇ ದ್ವಿಭಾಜನ ವಿಧಾನ. ಹತ್ತು ಸಲ ಅರ್ಧ ಮಾಡಿದರೆ ಹುಡುಕಬೇಕಾದ ಜಾಗ 1,024ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ.

ಕೈಯಲ್ಲಿ ಮಾಡಿದರೆ ಒಂದು ಸಂಜೆ ಹೋಯಿತು. ಕಂಪ್ಯೂಟರಿಗೆ ಹತ್ತು ಹನ್ನೆರಡು ಸಾಲಿನ ಪ್ರೋಗ್ರಾಂ ಬರೆದುಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ: ತಿಂಗಳಿಗೆ ಶೇಕಡ 1.79. ವರ್ಷಕ್ಕೆ ಇಪ್ಪತ್ತೊಂದೂವರೆ! ಹೇಳಿದ್ದು ಹನ್ನೆರಡು.

2021ರಲ್ಲಿ ರಾಜ್ಯದ ಪದವಿ ಕಾಲೇಜುಗಳಿಗೆ ಬಂದ ಪಠ್ಯಕ್ರಮ ಗಣಿತಕ್ಕೂ ಲ್ಯಾಬ್ ಇಟ್ಟು, ಸೈಲ್ಯಾಬ್, ಮ್ಯಾಕ್ಸಿಮಾ, ಪೈಥಾನ್‌ನಂಥ ಕಾಸು ಕೇಳದ ಸಾಫ್ಟ್‌ವೇರುಗಳ ಹೆಸರು ಹೇಳಿತು. ಪೈಥಾನ್ ಅಂತೂ ಜೇಬಿನ ಮೊಬೈಲಿನಲ್ಲೇ ಓಡುತ್ತದೆ. ಪಾಸು ಹಿಡಿದು ಬಸ್ಸಿನಲ್ಲಿ ಓಡಾಡುವ ಹುಡುಗರು ಸೀಟು ಸಿಕ್ಕರೆ ಅಲ್ಲೇ ಕಲಿಯಬಹುದು. ಆದರೆ ಎಷ್ಟೋ ಕಡೆ ನಡೆಯುವುದೇನು? ಸೀನಿಯರ್ ರೆಕಾರ್ಡು ತರುವುದು, ಸಾಲಿಗೆ ಸಾಲು ಇಳಿಸುವುದು, ಸಹಿ ಹಾಕಿಸಿಕೊಳ್ಳುವುದು. ಅಂಕ ಬಂತು, ವಿದ್ಯೆ ಬರಲಿಲ್ಲ.

ತಾನೇ ಬರೆದವನ ಪಾಡೇ ಬೇರೆ. ಶೇಕಡ 2 ಎಂಬುದನ್ನು 0.02 ಎಂದು ಬರೆಯದೆ ಸುಮ್ಮನೆ 2 ಎಂದು ಹೊಡೆದರೆ ಯಂತ್ರ ತಕರಾರು ಮಾಡುವುದಿಲ್ಲ. ಲಕ್ಷದ ಸಾಲಕ್ಕೆ ತಿಂಗಳಿಗೆ ಎರಡು ಲಕ್ಷ ಕಂತು ಅಂತ ಗಂಭೀರವಾಗಿ ಹೇಳಿಬಿಡುತ್ತದೆ! ಅದನ್ನು ನೋಡಿ ನಗು ಬಂದರೆ ಆ ಹುಡುಗನಿಗೆ ಲೆಕ್ಕ ತಲೆಗೆ ಹತ್ತಿದೆ ಎಂದೇ ಅರ್ಥ. ಕಾಪಿ ಹೊಡೆದವನು ಅದನ್ನೂ ನೀಟಾಗಿ ರೆಕಾರ್ಡಿಗೆ ಇಳಿಸುತ್ತಾನೆ.

ಹೊಸ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ ನಿಜವಾದ ವಾರ್ಷಿಕ ದರವನ್ನು ಬರೆದೇ ತೋರಿಸಬೇಕೆಂದು 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಕಟ್ಟಳೆ ಜಾರಿಯಲ್ಲಿದೆ. ಬ್ಯಾಂಕಿನವರೂ ಫೈನಾನ್ಸ್ ಕಂಪನಿಯವರೂ ಕೊಡುವ ಆ ಹಾಳೆಯನ್ನು ಕೇಳಿ ಪಡೆಯಬೇಕು. ಬೆಳಗಾದರೆ ಸ್ಕೂಟರಿನಲ್ಲಿ ಬಂದು ವಸೂಲಿ ಮಾಡುವವನು ಯಾವ ಹಾಳೆ ಕೊಟ್ಟಾನು? ಅವನದು ಹತ್ತು ಸಾವಿರ ಅಂತ ಹೇಳಿ, ಸಾವಿರ ಮುರಿದುಕೊಂಡು, ಕೈಗೆ ಒಂಬತ್ತು ಸಾವಿರ ಕೊಡುವ ವ್ಯವಹಾರ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ‘ಸಾವಿರ ತಾನೆ, ಹತ್ತು ಪರ್ಸೆಂಟಾಯ್ತು’ ಅಂತಾರೆ ಅಂಗಡಿಯವರು.

ಪ್ರೋಗ್ರಾಂ ಅದೇ. ಸಾಲ, ಕಂತು, ಕಂತಿನ ಸಂಖ್ಯೆ, ಮೂರೇ ಅಂಕಿ ಬದಲಾಯಿಸಿದರೆ ದಿನದ ದರ ಬರುತ್ತದೆ. ಅದನ್ನು 365ರಿಂದ ಗುಣಿಸಿದರೆ ವರ್ಷಕ್ಕೆ ಎಪ್ಪತ್ತೇಳು ಪರ್ಸೆಂಟಿನ ಮೇಲೆ.