ಮೂರು ರಾಜ್ಯ, ಮೂರು ಬಗೆಯ ಟಿಕೆಟ್

ಔರಾದ್‌ನಿಂದ ಬೀದರ್‌ಗೆ ಹೊರಟ ಸಾಮಾನ್ಯ ಬಸ್ಸು. ಕಂಡಕ್ಟರ್ ಹೆಂಗಸರನ್ನು ಕೇಳುವುದು ದುಡ್ಡನ್ನಲ್ಲ, ಆಧಾರ್ ಕಾರ್ಡನ್ನು. ವಿಳಾಸ ಕರ್ನಾಟಕದ್ದಾದರೆ ಕೈಯಲ್ಲಿನ ಯಂತ್ರ ‘ಶೂನ್ಯ ಟಿಕೆಟ್’ ಹೊರಹಾಕುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಫಲವಿದು.

ದುಡ್ಡೇ ಇಲ್ಲದ ಪ್ರಯಾಣಕ್ಕೆ ಟಿಕೆಟ್ ಯಾಕೆ? ಯಂತ್ರದಲ್ಲಿ ದಾಖಲಾದ ಆ ಲೆಕ್ಕವನ್ನೇ ಆಧರಿಸಿ ಸರ್ಕಾರ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಹಣ ತುಂಬಿಕೊಡಬೇಕು. ಚೀಟಿ ಹರಿಯದಿದ್ದರೆ ನಿಗಮಕ್ಕೇ ನಷ್ಟ.

ಗಡಿಯಲ್ಲಿ ಕತೆ ಇನ್ನೂ ಸ್ವಾರಸ್ಯ. ಔರಾದ್ ತಾಲ್ಲೂಕಿಗೆ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಮಹಾರಾಷ್ಟ್ರದ ಬಸ್ಸುಗಳಲ್ಲಿ 2023ರ ಮಾರ್ಚ್‌ನಿಂದ ಮಹಿಳೆಯರಿಗೆ ಅರ್ಧ ದರ. ತೆಲಂಗಾಣ ಅದೇ ವರ್ಷದ ಡಿಸೆಂಬರ್ 9ರಿಂದ ತನ್ನ ರಾಜ್ಯದ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಕೊಡುತ್ತಿದೆ.

ಮಹಾರಾಷ್ಟ್ರದ ಉದಗೀರಕ್ಕೆ ಮದುವೆಯಾಗಿ ಹೋದ ಭಾಲ್ಕಿಯ ಮಗಳು ಹಬ್ಬಕ್ಕೆ ತವರಿಗೆ ಬಂದಳೆನ್ನಿ. ಆಧಾರ್‌ನಲ್ಲಿ ಗಂಡನ ಮನೆಯ ವಿಳಾಸವಿದ್ದರೆ, ಭಾಲ್ಕಿಯಿಂದ ಬೀದರ್‌ಗೆ ಹೋಗುವ ನಮ್ಮ ಬಸ್ಸಿನಲ್ಲಿ ಅವಳಿಗೆ ಪೂರ್ತಿ ಟಿಕೆಟ್. ಪಕ್ಕದಲ್ಲಿ ಕುಳಿತ ತಾಯಿಗೆ ಶೂನ್ಯ. ಅದೇ ತಾಯಿ ಮಗಳನ್ನು ನೋಡಲು ಅಂತರರಾಜ್ಯ ಬಸ್ಸಿನಲ್ಲಿ ಉದಗೀರಕ್ಕೆ ಹೊರಟರೆ ಶಕ್ತಿಯ ಸೌಲಭ್ಯವಿಲ್ಲ. ಸೆರಗಿನ ಗಂಟು ಬಿಚ್ಚಲೇಬೇಕು.